ರುದ್ರಾಕ್ಷಿ ಅಂಚಿನ ಅಟ್ಟೆ

ಫೆಬ್ರವರಿ 3, ಸೋಮವಾರ

ಅಲ್ಲದೆ ರೆಕ್ಸಿನ್ ಬೇಡ ಅನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ, ನಿನ್ನೆ ಬರೆಯುವಾಗ ಮರೆತಿದ್ದೆ. ಬಿಸಿಲು ಹತ್ತಿದರೆ ಅದು ಕೈಗೆ ಅಂಟುತ್ತದೆ. ಶಿವರಾತ್ರಿ ಹತ್ತಿರ ಬಂತು, ಅದಾದ ಮೇಲೆ ದೊಡ್ಡಬಳ್ಳಾಪುರದ ಬಿಸಿಲು ಯಾರ ಮಾತೂ ಕೇಳುವುದಿಲ್ಲ. ಆದರೆ ಬಣ್ಣಗಳು ಮಾತ್ರ ಚೆನ್ನಾಗಿವೆ. ಪಕ್ಕದ ಮನೆಯ ಹೈದರ್ ಕಾರು, ಆಟೋಗಳಿಗೆ ಸೀಟು ಹೊಲಿಯುವವನು, ತುಂಡುಗಳ ಒಂದು ಕಂತೆಯನ್ನೇ ಕೊಟ್ಟಿದ್ದಾನೆ. ಎಲೆಹಸಿರು, ಕಾಫಿಪುಡಿ, ನವಿಲುಗೊರಳು. ನನ್ನ ಮನಸ್ಸು ನವಿಲುಗೊರಳಿನ ಕಡೆಗೇ. ನನ್ನ ಹೆಂಡತಿ ಗಂಗ ಇದ್ದಿದ್ದರೆ ಕಾಫಿಪುಡಿ ತಗೋ ಅನ್ನುತ್ತಿದ್ದಳು, ಕೊಳೆ ಕಾಣುವುದಿಲ್ಲ ಅಂತ. ಅವಳು ಹೋಗಿ ಈ ಯುಗಾದಿಗೆ ಮೂರು ವರ್ಷ. ಇವತ್ತಿಗೂ ಬಣ್ಣ ಆರಿಸುವಾಗ ಅವಳ ಜೊತೆ ಒಂದು ಸುತ್ತು ಜಗಳ ಆಡದೆ ಆಗುವುದಿಲ್ಲ.

ಈ ಸಡಗರವೆಲ್ಲ ಓದುವ ಯಂತ್ರವೊಂದಕ್ಕೆ ಅಂಗಿ ಹೊಲಿಯುವುದಕ್ಕೆ. ಸಂಕ್ರಾಂತಿಗೆ ಮಗಳು ಅರ್ಪಿತ ನೆಲಮಂಗಲದಿಂದ ಬಂದಾಗ ಕೊಟ್ಟು ಹೋದದ್ದು. "ಅಪ್ಪಾ, ಪುಸ್ತಕದ ಅಕ್ಷರ ಚಿಕ್ಕದಾಗೋಯ್ತು ಅಂತ ಒದ್ದಾಡ್ತೀಯಲ್ಲ, ಇದ್ರಲ್ಲಿ ಹುರುಳಿಕಾಳನ್ನ ಹಲಸಿನ ಬೀಜ ಮಾಡ್ಕೋಬೋದು" ಅಂದಳು. ಒಳಗಿಂದಲೇ ಬೆಳಕು ಬರುತ್ತದೆ, ದೀಪ ಬೇಡ. ಕವರು ತರಿಸುತ್ತೇನೆ ಅಂದಳು, ನಾನೇ ಬೇಡ ಅಂದೆ. ಸೀರೆಯ ಅಟ್ಟೆ ಹೊಡೆದು ಜೀವನ ಮಾಡಿದವನು ಒಂದು ಕವರು ಮಾಡಲಾರೆನೇ? ಕಾಗದದ ಮೇಲೆ ಅಂಚಿನ, ಸೆರಗಿನ ಚಿತ್ರ ಬರೆದು, ಅದನ್ನು ನೋಡಿಕೊಂಡು ಉದ್ದುದ್ದ ಗಟ್ಟಿ ರಟ್ಟಿನ ಅಟ್ಟೆಗೆ ತೂತು ಹೊಡೆಯುವುದು ನನ್ನ ಕಸುಬಾಗಿತ್ತು. ಆ ಅಟ್ಟೆಯ ಸರ ಮಗ್ಗದ ಮೇಲೆ ತಿರುಗುತ್ತದೆ. ತೂತು ಇದ್ದ ಕಡೆ ನೂಲು ಏಳುತ್ತದೆ, ಇಲ್ಲದ ಕಡೆ ಕೂತಿರುತ್ತದೆ. ಈಗ ಅದನ್ನೂ ಕಂಪ್ಯೂಟರೇ ಮಾಡುತ್ತದೆ, ಇರಲಿ.

ಆಸ್ಪತ್ರೆಯ ವಿಷಯ ಬರೆಯಬಾರದು ಅಂದುಕೊಂಡಿದ್ದೆ. ಬರೆದುಬಿಡುತ್ತೇನೆ. ಕನ್ನಡಕದ ನಂಬರು ಅಂತ ಅರ್ಪಿತಳಿಗೆ ಹೇಳಿ ಹೋದ ವಾರ ಒಬ್ಬನೇ ಬೆಂಗಳೂರಿಗೆ ಹೋಗಿದ್ದೆ. ಬಟ್ಟಲಿನಂಥ ಒಂದು ಯಂತ್ರದೊಳಗೆ ಮುಖ ಇಡಿಸಿದರು. ನಡುವಿನ ದೀಪವನ್ನೇ ನೋಡುತ್ತಿರಬೇಕು, ಸುತ್ತ ಎಲ್ಲಾದರೂ ಚುಕ್ಕಿ ಮಿನುಗಿದರೆ ಕೈಲಿರುವ ಗುಂಡಿ ಒತ್ತಬೇಕು. ಚುಕ್ಕಿಗೊಂದು ಸಲ ಯಂತ್ರ ಒಳಗೊಳಗೇ ಟಕ್ ಅನ್ನುತ್ತಿತ್ತು. ಟಕ್ ಅಂದಮೇಲೆ ನನ್ನ ಕೈ ಸುಮ್ಮನಿರುತ್ತದೆಯೇ? ಅಟ್ಟೆ ಹೊಡೆದ ಕೈ. ಚುಕ್ಕಿ ಕಂಡರೂ ಕಾಣದಿದ್ದರೂ ಒಂದು ಟಕ್ಕನ್ನೂ ಬಿಡದೆ ಒತ್ತಿದೆ. ನೂರಕ್ಕೆ ನೂರು ಅಂದುಕೊಂಡು ಎದ್ದೆ.

ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದರು. "ಇದು ಸರಿಯಾಗಿ ಬಂದಿಲ್ಲ ಯಜಮಾನ್ರೇ. ಒಂದ್ ತಿಂಗಳೊಳಗೆ ಇನ್ನೊಂದ್ಸಲ ಮಾಡ್ಬೇಕು. ಮನೆಯವ್ರನ್ನ ಕರ್ಕೊಂಡ್ ಬನ್ನಿ. ನಿಮ್ದು ಪ್ರೋಗ್ರೆಸಿವ್ ಇದೆ." ಹೆಸರು ಗ್ಲಾಕೋಮಾ ಅಂತೆ. ಮೊದಲು ಅಂಚಿನ ನೋಟ ಹೋಗುತ್ತದಂತೆ, ಒಡಲು ಉಳಿದಿರುತ್ತದಂತೆ. ಒಡಲು ಅನ್ನುವುದು ನನ್ನ ಸೀರೆಯ ಮಾತು, ಅವರು 'ಮಧ್ಯದ್ದು' ಅಂದರು.

ಪ್ರೋಗ್ರೆಸ್ ಅಂದರೆ ಪ್ರಗತಿ. ಬಿ.ಎ. ಎರಡನೇ ವರ್ಷದವರೆಗೆ ಓದಿದವನಿಗೆ ಅಷ್ಟೂ ಗೊತ್ತಿಲ್ಲವೇ. ಶಾಲೆಯಲ್ಲಿ ಪ್ರೋಗ್ರೆಸ್ ಕಾರ್ಡು ಕೊಡುತ್ತಿದ್ದರು. ಪ್ರೋಗ್ರೆಸಿವ್ ಫಾರ್ಮರ್ ಅಂದರೆ ಪ್ರಗತಿಪರ ರೈತ. ಪ್ರಗತಿ ಇದೆ ಅಂದಮೇಲೆ ಆತುರ ಏನು? ಕವರು ಮುಗಿಯಲಿ, ಆಮೇಲೆ ಹೋದರಾಯಿತು.

ಆದರೆ ಒಳ್ಳೆಯ ಸುದ್ದಿ ಹೇಳುವವರು ಮನೆಯವರನ್ನು ಯಾಕೆ ಕರೆದುಕೊಂಡು ಬಾ ಅನ್ನುತ್ತಾರೆ?

ಫೆಬ್ರವರಿ 6, ಗುರುವಾರ

ರೆಕ್ಸಿನ್ ವಾಪಸ್ ಕೊಡಲು ಹೈದರ್ ಅಂಗಡಿಗೆ ಹೊರಟಿದ್ದೆ. ಎಡಗಡೆಯಿಂದ ಒಂದು ಮೋಟರ್‌ಬೈಕು ಎಲ್ಲಿತ್ತೋ, ನೆಲದಿಂದ ಎದ್ದಂತೆ ಬಂತು. ಅಂಗಿಯ ತೋಳು ಸವರಿಕೊಂಡು ಹೋಯಿತು. ಓಡಿಸುತ್ತಿದ್ದವನು ತಿರುಗಿ, "ಕಣ್ ಕಾಣಲ್ವೇನಪ್ಪಾ!" ಅಂದ. ದಿನಕ್ಕೆ ಹತ್ತು ಜನ ಹತ್ತು ಜನಕ್ಕೆ ಅನ್ನುವ ಮಾತು. ನಾನು ಮಾತ್ರ ಅಲ್ಲೇ ವಿದ್ಯುತ್ ಕಂಬ ಹಿಡಿದುಕೊಂಡು ನಿಂತುಬಿಟ್ಟೆ.

ಹೈದರ್ ನೋಡಿ ಓಡಿಬಂದ. "ಏನ್ ಗುರು, ಕಂಬಕ್ಕೆ ಮುತ್ತು ಕೊಡ್ತಾ ಇದೀಯ?"

"ಬಿಸಿಲಪ್ಪಾ" ಅಂದೆ.

"ಫೆಬ್ರವರಿಗೇ ಬಿಸಿಲು ಅಂದ್ರೆ ಏಪ್ರಿಲ್‌ಗೆ ನಿನ್ನ ಫ್ರಿಜ್ಜಲ್ಲೇ ಇಡ್ಬೇಕಾಗುತ್ತೆ ಬಿಡು."

ಮನೆಗೆ ಬರುವಾಗ ಗೋಡೆಯನ್ನು ಎಡಕ್ಕೆ ಇಟ್ಟುಕೊಂಡು ಬಂದೆ. ಗೋಡೆ ಏನೂ ಮೇಲೆ ಬರುವುದಿಲ್ಲವಲ್ಲ. ನವಿಲುಗೊರಳಿನ ತುಂಡು ಮಾತ್ರ ಹಿಂದಕ್ಕೆ ಕೊಡಲು ಮನಸ್ಸಾಗಲಿಲ್ಲ.

ಫೆಬ್ರವರಿ 7, ಶುಕ್ರವಾರ

ಹಳೆಯ ಕಂಡಕ್ಟರ್ ನರಸಿಂಹಯ್ಯ ಬಂದಿದ್ದ. ಅವನು ಬಂದರೆ ಮೊದಲು ಚಾಪೆ, ಆಮೇಲೆ ಕಾಫಿ, ಆಮೇಲೆ ಊರಿನ ನ್ಯಾಯ. ಯಂತ್ರವನ್ನು ತಿರುಗಿಸಿ ಮುರುಗಿಸಿ ನೋಡಿದ.

"ಇದೇನ್ಲಾ ಕಾಂತ?"

"ಇ-ರೀಡರ್ ಅಂತ."

"ಈ ರೀಡರ್ರು ಸರಿ. ಹಂಗಾದ್ರೆ ಆ ರೀಡರ್ರು ಎಲ್ಲೈತೆ?" ಅಂದು ತಾನೇ ನಕ್ಕ. ನಕ್ಕು ಮುಗಿಸಿ, "ಅಲ್ಲ ಕಣ್ಲಾ, ಇದಕ್ಕೆ ರೆಕ್ಸಿನ್ನು, ಗಿಕ್ಸಿನ್ನು ಅಂತ ಯಾಕ್ ಅಲೀತೀಯ? ಗಂಗಲಕ್ಷ್ಮಮ್ಮನ ಸೀರೆ ಒಂದ್ ಕತ್ತರ್ಸು. ನೆನಪೂ ಆಯ್ತದೆ, ಕವರೂ ಆಯ್ತದೆ" ಅಂದ.

ಎಲ್ಲರಿಗೂ ಇದೇ ಹೊಳೆಯುತ್ತದೆ, ಹೈದರನ ಹೆಂಡತಿ ಪರ್ವೀನಳೂ ಅಂದಿದ್ದಳು. ಗಂಗಳ ಸೀರೆಗಳೆಲ್ಲ ಅರ್ಪಿತಳ ಹತ್ತಿರ ಇವೆ, ಉಡುತ್ತಾಳೆ. ಉಡುವ ಸೀರೆಗೆ ಕತ್ತರಿ ಹಾಕುವುದು ಯಾವ ನೆನಪು? ಅಲ್ಲದೆ ರೇಷ್ಮೆ ಕೈಯಲ್ಲಿ ಜಾರುತ್ತದೆ. ಇತ್ತೀಚೆಗೆ ನನ್ನ ಕೈಯಿಂದ ಬೀಳುವ ಸಾಮಾನು ಸಾಕು.

ಹೊರಡುವಾಗ ನರಸಿಂಹಯ್ಯ ನನ್ನ ಎಡಗಡೆ ನಿಂತು ಕೈ ಚಾಚಿದ್ದನಂತೆ. ನಾನು ನೋಡಲಿಲ್ಲ. "ಏನ್ಲಾ, ಕೈ ಕೊಟ್ರೆ ಮುಖ ತಿರುಗಿಸ್ಕಂತೀಯ, ದೊಡ್ ಮನುಷ್ಯ ಆಗ್ಬುಟ್ಟೆ" ಅಂದ. ಜೋರಾಗಿ ನಕ್ಕುಬಿಟ್ಟೆ. ನಗು ಮುಗಿದ ಮೇಲೂ ಅವನು ನನ್ನ ಮುಖವನ್ನೇ ನೋಡುತ್ತಿದ್ದ.

ಫೆಬ್ರವರಿ 9, ಭಾನುವಾರ

ಕವರಿಗೆ ಗಟ್ಟಿ ಬೆನ್ನು ಬೇಕು. ಸೀರೆ ಡಬ್ಬದ ರಟ್ಟು ನೋಡಿದೆ, ಬೆವರಿಗೆ ಮೆತ್ತಗಾಗುತ್ತದೆ. ಪ್ಲಾಸ್ಟಿಕ್ ಹಾಳೆ ನೋಡಿದೆ, ಮಡಿಸಿದರೆ ಕಿರ್ರ್ ಅನ್ನುತ್ತದೆ, ಓದುವವನಿಗೆ ಅದು ಆಗದು. ಮಧ್ಯಾಹ್ನ ಅಟ್ಟ ಹತ್ತಿದೆ. ಬಟ್ಟೆಯಲ್ಲಿ ಕಟ್ಟಿಟ್ಟ ಅಟ್ಟೆಯ ಸರಗಳು ಇನ್ನೂ ಇವೆ, ಗುಜರಿಯವನಿಗೆ ಕೊಡದೆ ಇಟ್ಟುಕೊಂಡವು. ಅಲ್ಲಿ ಬೆಳಕಿಲ್ಲ. ಒಂದು ಸರದ ಮೇಲೆ ಬೆರಳು ಓಡಿಸಿದೆ. ಮೂರು ತೂತು, ಬಿಡುವು, ಐದು ತೂತು, ಬಿಡುವು, ಮತ್ತೆ ಮೂರು. ರುದ್ರಾಕ್ಷಿ ಅಂಚು! ಕೆಳಗೆ ತಂದು ನೋಡಿದರೆ ಹೌದು, ಅದೇ.

ಇಳಿಯುವಾಗ ಏಣಿಯ ಕೊನೆಯ ಮೆಟ್ಟಿಲು ಇದೆ ಅಂದುಕೊಂಡೆ, ಇರಲಿಲ್ಲ. ಮಂಡಿ ತರಚಿದೆ. ಅರ್ಪಿತಳಿಗೆ ಹೇಳಬಾರದು.

ಫೆಬ್ರವರಿ 10, ಸೋಮವಾರ

ಏನೂ ಮಾಡಲಿಲ್ಲ. ಅಡುಗೆಮನೆಯ ಬಾಗಿಲು ಮತ್ತೆ ಎಡ ಭುಜಕ್ಕೆ ಹೊಡೆಯಿತು.

ಫೆಬ್ರವರಿ 13, ಗುರುವಾರ

ಮಾಡಬಾರದ ಕೆಲಸ ಮಾಡಿದೆ. ಅಟ್ಟೆಯೊಂದನ್ನು ಕಿಟಕಿಗೆ ಒರಗಿಸಿಟ್ಟು, ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಎಡಗಣ್ಣಿನಿಂದ ನಡುವಿನ ಒಂದು ತೂತನ್ನೇ ನೋಡಿದೆ. ಪಕ್ಕದ ತೂತು ಕಂಡಿತು. ಅದರ ಪಕ್ಕದ್ದೂ ಕಂಡಿತು. ಅದರಾಚೆಗೆ ಇಲ್ಲ.

ಕಪ್ಪಾಗಿ ಕಂಡಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ಕಪ್ಪೂ ಇಲ್ಲ, ಬಿಳಿಯೂ ಇಲ್ಲ, ಮಂಜೂ ಇಲ್ಲ. ಅಟ್ಟೆ ಅಲ್ಲಿಗೇ ಮುಗಿದಿದೆ ಅನ್ನುವ ಹಾಗೆ. ಕೈ ಚಾಚಿ ಮುಟ್ಟಿದರೆ ಇನ್ನೂ ಒಂದು ಗೇಣು ಅಟ್ಟೆ ಇದೆ, ತೂತುಗಳೂ ಇವೆ. ಬೆರಳಿಗೆ ಇದೆ, ಕಣ್ಣಿಗೆ ಇಲ್ಲ. ಹಾಗಾದರೆ ನಾನು ಬೀದಿಯಲ್ಲಿ ನೋಡುತ್ತಿರುವ ಬೀದಿ ಎಷ್ಟು? ಎದುರಿಗೆ ಕೂತವರ ಪಕ್ಕದಲ್ಲಿ ಇನ್ನೂ ಯಾರಾದರೂ ಕೂತಿರುತ್ತಾರೋ?

ಕಾಲೇಜಿನಲ್ಲಿ ಮೂರು ಪದ ಬಾಯಿಪಾಠ ಮಾಡಿದ್ದೆ. ಟ್ರಾನ್ಸ್‌ಪರೆಂಟ್, ಟ್ರಾನ್ಸ್‌ಲೂಸೆಂಟ್, ಒಪೇಕ್. ಬೆಳಕು ಹಾಯುವುದು ಒಂದು, ಅರ್ಧ ಹಾಯುವುದು ಒಂದು, ಹಾಯದೆ ಇರುವುದು ಒಂದು. ಯಾವುದು ಯಾವುದು ಅನ್ನುವುದು ಈಗ ಕಲಸಿಹೋಗಿದೆ. ಇದ್ದೂ ಇಲ್ಲದಂತೆ ಕಾಣುವುದಕ್ಕೆ ಯಾವ ಪದ? ಆ ಮೇಷ್ಟ್ರು ಅದನ್ನು ಹೇಳಿಕೊಡಲೇ ಇಲ್ಲ.

ಪ್ರಗತಿ ಅಂದರಲ್ಲ. ಪ್ರಗತಿ ಅಂತಲೇ ಅಂದರು.

ಫೆಬ್ರವರಿ 16, ಭಾನುವಾರ

ಬೆನ್ನು ತಯಾರಾಯಿತು. ಅಟ್ಟೆಯನ್ನು ಅಳತೆಗೆ ಕತ್ತರಿಸಿ, ಒಂದು ಪದರ ಉದ್ದಕ್ಕೆ, ಒಂದು ಪದರ ಅಡ್ಡಕ್ಕೆ ಇಟ್ಟು ಮೈದಾ ಅಂಟಿನಲ್ಲಿ ಅಂಟಿಸಿದೆ. ತೂತಿನ ಮೇಲೆ ತೂತು ಬಂದರೆ ಅಲ್ಲೇ ಮಡಿಸಿಕೊಳ್ಳುತ್ತದೆ, ಅದಕ್ಕೇ ಪದರಕ್ಕೊಂದು ದಿಕ್ಕು. ಮಂಚದ ಕಾಲಿನ ಕೆಳಗಿಟ್ಟು ಒಣಗಿಸಿದೆ. ಈಗ ಮರದ ಹಲಗೆಯ ಹಾಗಿದೆ.

ಪರ್ವೀನ್ ಹೊಲಿಗೆ ಮಿಷನ್ನಿನ ಮುಂದೆ ಕೂತು ಬ್ಲೌಸ್ ಹೊಲಿಯುತ್ತಿದ್ದಳು. ಬಟ್ಟೆಯ ತುಂಡುಗಳ ಚೀಲವನ್ನು ನನ್ನ ಮುಂದೆ ಸುರಿದಳು. ವೆಲ್ವೆಟ್ ಬೇಡ ಅಂದೆ, ಒಂದು ಕಡೆ ಸವರಿದರೆ ಒಂದು ಥರ, ಇನ್ನೊಂದು ಕಡೆ ಸವರಿದರೆ ಇನ್ನೊಂದು ಥರ, ನಂಬುವ ಹಾಗಿಲ್ಲ. ಸ್ಯಾಟಿನ್ ಬೇಡ. ತಳದಲ್ಲಿ ಒಂದು ಕಂಬಳಿ ಚೂರು ಸಿಕ್ಕಿತು, ಒರಟು, ಕೈಗೆ ಚುಚ್ಚುತ್ತದೆ. ಇದು ಹಿಂಬದಿಗೆ. ಮುಂಬದಿಗೆ, ಬಿಸಿಲಿಗೆ ಅಂಟಿದರೂ ಪರವಾಗಿಲ್ಲ, ಹೈದರನ ರೆಕ್ಸಿನ್ನೇ ಆಗಲಿ, ನುಣುಪು. ಎತ್ತಿಕೊಂಡ ಕೂಡಲೇ ಮುಂದೆ ಯಾವುದು, ಹಿಂದೆ ಯಾವುದು ಅಂತ ತಿಳಿಯಬೇಕು. ಮೇಲಿನ ಬಲ ಮೂಲೆಯಲ್ಲಿ ಒಂದು ದಾರದ ಗಂಟು ಇಡು ಅಂದೆ.

"ಗಂಟು ಯಾಕಣ್ಣ? ಚಂದ ಕಾಣಲ್ಲ."

"ಇರ್ಲಿ ಬಿಡಮ್ಮ, ಅಭ್ಯಾಸ."

"ರೆಕ್ಸಿನ್ ಕಪ್ಪು ಇಡ್ಲಾ? ಆ ನವಿಲು ಬಣ್ಣದ್ದು ಇದೆಯಲ್ಲ?"

"ಯಾವುದು ದಪ್ಪ ಇದೆಯೋ ಅದು" ಅಂದೆ.

ಅವಳು ಮಿಷನ್ ನಿಲ್ಲಿಸಿ ನನ್ನನ್ನು ನೋಡಿದಳು. ಯಾಕೆ ನೋಡಿದಳೋ.

ಫೆಬ್ರವರಿ 19, ಬುಧವಾರ

ಮುಚ್ಚಳ ನಿಲ್ಲಲು ಟಿಚ್ ಬಟನ್ ಹಾಕು ಅಂದಿದ್ದೆ. ಪರ್ವೀನ್, "ಟಿಚ್ ಹಾಕಿದ್ರೆ ಒತ್ತೋವಾಗ ಗ್ಲಾಸ್ ಒಡೆದೋಗುತ್ತೆ ಅಣ್ಣ, ಪರ್ಸಿಗೆ ಹಾಕೋ ಮ್ಯಾಗ್ನೆಟ್ ಇದೆ, ತಾನೇ ಕಚ್ಚಿಕೊಳ್ಳುತ್ತೆ" ಅಂದಳು. ಹಾಕಿದಳು. ಟಪ್ ಅಂತ ಕಚ್ಚಿಕೊಳ್ಳುತ್ತದೆ, ಹಲ್ಲಿಯ ನಾಲಗೆಗೆ ಹುಳ ಸಿಕ್ಕಿದ ಹಾಗೆ.

ಕವರು ಮುಗಿಯಿತು. ಮುಗಿಯಿತು ಅಂತ ಬರೆದ ಮೇಲೆ ಮತ್ತೆ ಕೈಗೆತ್ತಿಕೊಂಡು ಸವರಿದೆ. ದಾರದ ಗಂಟು ಇನ್ನೂ ಸ್ವಲ್ಪ ದಪ್ಪ ಇದ್ದಿದ್ದರೆ ಚೆನ್ನಾಗಿರುತ್ತಿತ್ತು. ಬಿಚ್ಚಿಸಿ ಮತ್ತೆ ಹಾಕಿಸಲೇ?

ಫೆಬ್ರವರಿ 20, ಗುರುವಾರ

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಹೀಗಿರುವುದಕ್ಕೆ ಅದೇ ಕಾರಣ, ಬೇರೆ ಏನೂ ಅಲ್ಲ.

ಊಟ ಮಾಡಿ ಒಳಕೋಣೆಯಲ್ಲಿ ಕೂತು ಓದುತ್ತಿದ್ದೆ. ಆ ಕೋಣೆಗೆ ಹಗಲಲ್ಲೂ ಬೆಳಕು ಕಡಿಮೆ, ಯಂತ್ರದ ಬೆಳಕೇ ಸಾಕು. ಕಥೆಯಲ್ಲಿ ಒಬ್ಬಳು ಬಾವಿಯ ಹತ್ತಿರ ನಿಂತಿದ್ದಳು. ಮುಚ್ಚಳ ಅಡ್ಡ ಬರುತ್ತದೆಂದು ಹಿಂದಕ್ಕೆ ಮಡಿಸಿ ಹಿಡಿದೆ. ಪುಟ ಹೋಯಿತು.

ಅಂಚಲ್ಲ. ಒಡಲು. ನಡುವಿನದೆಲ್ಲ ಒಂದೇ ಸಲಕ್ಕೆ.

ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡೆ. ತೆಗೆದು ನೋಡುವ ಧೈರ್ಯ ಬರಲಿಲ್ಲ. ತೆಗೆಯದೆ ಇರುವವರೆಗೂ ಕಣ್ಣು ಹೋಗಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ, ಗೊತ್ತಾಗದೆ ಇರುವವರೆಗೂ ಹೋಗಿಲ್ಲ. ಹೀಗೆ ಎಷ್ಟು ಹೊತ್ತು ಕೂತಿದ್ದೆನೋ. ಪಕ್ಕದ ಬೀದಿಯ ಮಗ್ಗಗಳು ಓಡುತ್ತಲೇ ಇದ್ದವು. ಗಂಗಳನ್ನು ಕೂಗಿದೆ ಅನಿಸುತ್ತದೆ. ಆಮೇಲೆ ಪರ್ವೀನಳನ್ನು ಕೂಗಿದೆ.

ಓಡಿಬಂದಳು. "ಏನಾಯ್ತಣ್ಣ? ಎದೆ ನೋವಾ?"

"ಪರ್ವೀನ್, ಲೈಟ್ ಹಾಕಮ್ಮ."

"ಹಾಕ್ದೆ."

"ಹಾಕಿದೀಯಾ? ನಿಜವಾಗ್ಲೂ ಹಾಕಿದೀಯಾ?"

"ಅಲ್ಲಾ! ಹಾಕಿದೀನಿ ಅಣ್ಣ, ಏನಾಯ್ತು ಹೇಳಿ."

"ಕಣ್ಣು ಹೋಯ್ತಮ್ಮ. ಏನೂ ಕಾಣ್ತಿಲ್ಲ."

ಅವಳು ನನ್ನ ಭುಜ ಹಿಡಿದಳು. "ಕಣ್ಣು ಮುಚ್ಕೊಂಡು ಕೂತಿದೀರಲ್ಲ ಅಣ್ಣ! ಮುಚ್ಕೊಂಡ್ರೆ ನಂಗೂ ಕಾಣಲ್ಲ. ತೆಗೀರಿ."

"ಬೇಡ."

"ತೆಗೀರಿ ಅಂದ್ನಲ್ಲ. ನಾನಿದೀನಿ."

ತೆಗೆದೆ. ಅವಳ ಮುಖ ಇತ್ತು. ಹಣೆಯ ಮೇಲೆ ಬೆವರು, ತುಟಿಯ ನಡುವೆ ಗುಂಡುಪಿನ್ನು, ಬ್ಲೌಸಿಗೆ ಚುಚ್ಚಲು ಕಚ್ಚಿಕೊಂಡದ್ದನ್ನು ತೆಗೆಯಲೂ ಮರೆತು ಓಡಿಬಂದಿದ್ದಳು. ಅಷ್ಟು ಚಂದದ ಗುಂಡುಪಿನ್ನನ್ನು ನಾನು ನೋಡಿಲ್ಲ.

ಯಂತ್ರವನ್ನು ಅವಳೇ ನನ್ನ ಕೈಯಿಂದ ತೆಗೆದುಕೊಂಡಳು. ಮಡಿಸಿದ ಮುಚ್ಚಳ ಬಿಡಿಸಿದಳು, ಗುಂಡಿ ಒತ್ತಿದಳು, ಬೆಳಕು ಬಂತು, ಬಾವಿಯ ಹತ್ತಿರ ನಿಂತವಳು ಅಲ್ಲೇ ನಿಂತಿದ್ದಳು. ಮತ್ತೆ ಮಡಿಸಿದಳು, ಕತ್ತಲು. "ಮ್ಯಾಗ್ನೆಟ್ ಹತ್ರ ಬಂದ್ರೆ ಮಲಗಿಬಿಡುತ್ತೆ ಅಣ್ಣ ಇದು! ನೋಡಿ, ನಮ್ಮನೆಯವ್ರ ಥರಾನೇ, ಕೆಲಸ ಹೇಳಿದ್ರೆ ಮಲಗೋದು." ನಗಿಸಲು ಅಂದದ್ದು. ನನಗೆ ನಗು ಬರಲಿಲ್ಲ, ಅಳು ಬಂತು. ಅವಳ ಮುಂದೆ ಅತ್ತೆ.

ಆಮೇಲೆ ಎಲ್ಲವನ್ನೂ ಹೇಳಿದೆ. ಬಟ್ಟಲು, ಟಕ್, ಅಂಚು, ಎಲ್ಲ. ಅವಳು ಗುಂಡುಪಿನ್ನನ್ನು ಸೆರಗಿಗೆ ಚುಚ್ಚಿಕೊಂಡು ಕೇಳಿದಳು. "ಅರ್ಪಿತಂಗೆ ಗೊತ್ತಾ?"

"ಕವರು ಮುಗೀಲಿ ಅಂತ..."

"ಕವರು ಮುಗೀತು. ನೀವು ಹೇಳ್ತೀರೋ, ನಾನ್ ಹೇಳ್ಲೋ?"

ಫೆಬ್ರವರಿ 21, ಶುಕ್ರವಾರ

ಫೋನ್ ಮಾಡಿದೆ. ಮೊದಲು ಮ್ಯಾಗ್ನೆಟ್ ಕಥೆ ಹೇಳಿದೆ, ಅರ್ಪಿತ ನಕ್ಕಳು. "ಅಪ್ಪಾ, ಕವರು ಮುಚ್ಚಿದಾರೆ ಅಂದ್ಕೊಂಡು ಅದು ಮಲಗುತ್ತೆ ಅಷ್ಟೇ." ಅವಳ ನಗು ಇನ್ನೂ ಮುಗಿಯುವ ಮೊದಲೇ ಉಳಿದದ್ದನ್ನೂ ಹೇಳಿದೆ. ಕೊನೆಗೆ, "ಗಾಬರಿ ಆಗ್ಬೇಡ, ಪ್ರೋಗ್ರೆಸಿವ್ ಇದೆಯಂತೆ" ಅಂದೆ.

ಆ ಕಡೆ ಬಾಗಿಲು ಹಾಕಿಕೊಂಡ ಸದ್ದು ಬಂತು.

"ಅಪ್ಪಾ," ಅಂದಳು ಮೆಲ್ಲಗೆ, "ಪ್ರಗತಿ ಆಗ್ತಿರೋದು ನಿಂದಲ್ಲ, ಕಾಯಿಲೇದು."

ಗೊತ್ತಿತ್ತು. ಗೊತ್ತಿತ್ತು ಅಂತ ಈಗ ಬರೆಯುತ್ತಿದ್ದೇನೆ. ಆಗ ಮಾತ್ರ ಮಂಚದ ಮೇಲೆ ಕೂತೆ.

"ಇಷ್ಟ್ ದಿನ ಯಾಕ್ ಹೇಳ್ಲಿಲ್ಲ?" ಅಂತ ಬೈದಳು, ಅತ್ತಳು, ಮತ್ತೆ ಬೈದಳು. ಹೋಗಿರುವುದು ವಾಪಸ್ ಬರುವುದಿಲ್ಲವಂತೆ, ಇರುವುದನ್ನು ಉಳಿಸಿಕೊಳ್ಳಬಹುದಂತೆ, ಬೇಗ ಹೋದರೆ. ಆ 'ಬೇಗ' ಅನ್ನುವಾಗ ಅವಳ ದನಿ ಗಂಗಳ ದನಿಯ ಹಾಗೇ ಇತ್ತು. ಆ ಡಾಕ್ಟರಮ್ಮನಿಗೆ ತಾನೇ ಫೋನ್ ಮಾಡಿ ಸೋಮವಾರ ಬೆಳಿಗ್ಗೆಗೆ ಗೊತ್ತು ಮಾಡಿದಳು. ಕಾರಿನಲ್ಲಿ ಬಂದು ಕರೆದುಕೊಂಡು ಹೋಗುತ್ತಾಳಂತೆ. "ಅಲ್ಲೀವರ್ಗೂ ಮನೆ ಬಿಟ್ಟು ಹೊರಗಡೆ ಹೋಗ್ಬೇಡ. ಅಟ್ಟ ಹತ್ಬೇಡ." ಅಟ್ಟದ ವಿಷಯ ಪರ್ವೀನ್ ಹೇಳಿದ್ದಾಳೆ ಅಂತಾಯಿತು.

ಫೆಬ್ರವರಿ 23, ಭಾನುವಾರ

ಮ್ಯಾಗ್ನೆಟ್ ಕೀಳಿಸಿದೆ. ಅದರ ಜಾಗಕ್ಕೆ ಅಟ್ಟೆಯ ಸರವನ್ನು ಹೆಣೆದಿದ್ದ ಹಳೆಯ ದಾರವನ್ನೇ ಕುಣಿಕೆ ಮಾಡಿ ಹಾಕಿದೆ. ಇನ್ನು ಯಂತ್ರ ತಾನಾಗಿ ಮಲಗುವುದಿಲ್ಲ. ದಾರ ನಾನೇ ಹುರಿ ಮಾಡಿಸಿದ ನೂಲಿನದು, ಎಣ್ಣೆ ಕುಡಿದು ಕಲ್ಲಾಗಿದೆ.

ಇವತ್ತಿಡೀ ಜಗಲಿಯಲ್ಲಿ ಕೂತು ಅದನ್ನು ಕಟ್ಟುವುದು, ಬಿಚ್ಚುವುದು ಮಾಡಿದೆ. ಕಂಬಳಿ ಬಂದರೆ ಹಿಂದೆ, ನುಣುಪು ಬಂದರೆ ಮುಂದೆ, ಗಂಟು ಸಿಕ್ಕಿದರೆ ಮೇಲೆ. ಕುಣಿಕೆ ಹೆಬ್ಬೆರಳಿಗೆ ಬರುತ್ತದೆ. ಒಮ್ಮೆಯೂ ತಪ್ಪಲಿಲ್ಲ. ನರಸಿಂಹಯ್ಯ ಬಂದು ಎದುರಿಗೇ ಕೂತ, ಎಡಕ್ಕೂ ಅಲ್ಲ ಬಲಕ್ಕೂ ಅಲ್ಲ, ನಡುವಿಗೆ ಸರಿಯಾಗಿ. ಯಾರೋ ಹೇಳಿದ್ದಾರೆ. "ಬಣ್ಣ ಚಂದಾಗೈತೆ ಕಣ್ಲಾ, ನವಿಲಿನ ಕತ್ತು" ಅಂದ. ನವಿಲುಗೊರಳೇ ಹಾಕಿದ್ದಾಳೆಯೇ ಪರ್ವೀನ್! ಅವನು ಹೇಳಿದ ಮೇಲೆ ನೋಡಿದೆ, ಹೌದು.

"ಎದೆ ಗಟ್ಟಿ ಐತೇನ್ಲಾ?" ಅಂದ.

"ಇಲ್ಲ ಕಣೋ" ಅಂದೆ.

"ಇಲ್ಲ ಅಂತಂದ್ರೆ ಪರ್ವಾಗಿಲ್ಲ. ಐತೆ ಅಂದಿದ್ರೆ ನಂಗೆ ಭಯ ಆಗ್ತಿತ್ತು."

ನಾಳೆ ಮತ್ತೆ ಆ ಬಟ್ಟಲಿನೊಳಗೆ ಮುಖ ಇಡಬೇಕು. ಟಕ್ ಅನ್ನುತ್ತದೆ. ಕೈ ಕುಣಿಯುತ್ತದೆ, ಅದಕ್ಕೆ ಗೊತ್ತಿರುವುದೇ ಅದೊಂದು. ಕುಣಿಯಲು ಬಿಡಬಾರದು. ತೂತು ಬೇಡದ ಕಡೆ ತೂತು ಹೊಡೆದರೆ ಅಂಚು ಕೆಡುತ್ತದೆ, ಇಷ್ಟು ವರ್ಷ ಬೇರೆಯವರಿಗೆ ಹೇಳಿಕೊಟ್ಟದ್ದು ಇದನ್ನೇ. ಕಂಡರೆ ಒತ್ತುತ್ತೇನೆ. ಕಾಣದಿದ್ದರೆ ಸುಮ್ಮನಿರುತ್ತೇನೆ. ಸುಮ್ಮನಿರುವ ಹೊತ್ತೇ ಜಾಸ್ತಿ ಆಗಿಬಿಟ್ಟರೆ...

ಬರೆಯುತ್ತಿರುವ ಸಾಲು ತೆಳ್ಳಗಾಗುತ್ತಿದೆ. ಶಾಯಿ ಮುಗಿಯಿತೇನೋ ಅಂತ ಅಂಗೈ ಮೇಲೆ ಗೀಚಿದೆ, ಶಾಯಿ ಇದೆ. ಕನ್ನಡಕ ಒರೆಸಿದೆ, ಅದೂ ಅಲ್ಲ. ಸಾಲು ಇನ್ನೂ ತೆಳ್ಳಗಾಯಿತು. ಕಣ್ಣು ಮುಚ್ಚಿಕೊಳ್ಳಬೇಕು ಅನಿಸಿತು, ಮುಚ್ಚಲಿಲ್ಲ. ಪಕ್ಕದ ಮನೆಯಲ್ಲಿ ಪರ್ವೀನ್ ಕೋಳಿಗಳನ್ನು ಗೂಡಿಗೆ ಕರೆಯುತ್ತಿದ್ದಾಳೆ. ಮಸೀದಿಯಲ್ಲಿ ಸಂಜೆಯ ಆಜಾನ್ ಶುರುವಾಯಿತು.

ಹಾಗಾದರೆ ಇದು ಊರಿಗೆಲ್ಲ ಒಟ್ಟಿಗೆ ಹೋಗುತ್ತಿರುವ ಬೆಳಕು. ಸಾಕು.